ರತ್ನಾವತಿಯವರ ಮೆಚ್ಚಿನ ಕೆಟಲ್‌ನವರು

ಡೊಂಬಿವಲಿಯ ರತ್ನಾವತಿಯವರಿಗೆ ಹಾಡು ಅಂದರೆ ಪ್ರಾಣ. ಹಾಡಿಗೆ ಮಾತ್ರ ರತ್ನಾವತಿಯವರನ್ನು ಕಂಡರಾಗದು. ಹುಟ್ಟೂರು ಕಾಪುವಿನ ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಮೇಷ್ಟ್ರು, ನೀನು ಬಾಯಿ ಮಾತ್ರ ಆಡಿಸು ಎಂದಿದ್ದರು. ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ಮಹಿಳಾ ಭಜನಾ ಮಂಡಳಿಯವರು ಅದನ್ನೇ ಇನ್ನಷ್ಟು ನಯವಾಗಿ, ಕೈಗೆ ತಾಳ ಕೊಟ್ಟು ಹೇಳಿದರು. ವರ್ಷಗಟ್ಟಲೆ ರತ್ನಾವತಿಯವರು ತಾಳ ಹಾಕಿದರು, ಬಾಯಿ ಆಡಿಸಿದರು.

ಗಂಡ ಮೋಹನದಾಸರು ಮಾಜಿವಾಡಾದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರು. ಮಗಳು ಪ್ರಣೀತಾ ವಾಶಿಯ ಕಾಲೇಜಿಗೆ ಹೋಗುವವಳು. ಅಮ್ಮ ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವವಳು. 2009ರಲ್ಲಿ ರತ್ನಾವತಿಯವರಿಗೆ ಶುಗರ್ ಇದೆ, ದಿನಾ ಬೆಳಿಗ್ಗೆ ಬಿರುಸಾಗಿ ನಡೆಯಬೇಕು ಎಂದು ಡಾಕ್ಟರು ಹೇಳಿದರು. ಅಮ್ಮನೊಬ್ಬಳಿಗೇ ಬೇಜಾರಾದೀತೆಂದು ಪ್ರಣೀತಾ ತನ್ನ ಹಳೆಯ ಎಂಪಿತ್ರೀ ಪ್ಲೇಯರ್ ಕೊಟ್ಟಳು. ದಾಸರ ಪದ ತುಂಬಿಸಿಕೊಡುತ್ತೇನೆ ಎಂದವಳು ಪರೀಕ್ಷೆಯ ಗಡಿಬಿಡಿಯಲ್ಲಿ ಮರೆತಳು. ಒಳಗಿದ್ದದ್ದು ಅವಳದೇ ಒಂದು ಆಲ್ಬಂ: ಕ್ರುಕೆಡ್ ಕೆಟಲ್ಸ್ ಎಂಬ ಪರದೇಶದ ತಂಡದ ಫೋಕ್ ಪಂಕ್. ಅಂದರೆ ಬ್ಯಾಂಜೊ, ಪಿಟೀಲು, ಹಾರ್ಮೋನಿಯಂನ ತಮ್ಮನಂಥ ಅಕಾರ್ಡಿಯನ್ ಹಿಡಿದು, ಹಳ್ಳಿ ಪದದ ಧಾಟಿಯಲ್ಲಿ ಗಂಟಲು ಹರಿಯುವಂತೆ ಕಿರುಚುವ ಸಂಗೀತ.

ಮೊದಲ ದಿನ ಮೈದಾನದಲ್ಲಿ ಗುಂಡಿ ಒತ್ತಿದ್ದೇ ಒಬ್ಬ ಗಂಡಸು ಕಿವಿಯೊಳಗೆ ಅರಚಿದ. ಯಾರಿಗೋ ಏನೋ ಆಯಿತೆಂದು ರತ್ನಾವತಿಯವರು ಗಾಬರಿಯಿಂದ ತಿರುಗಿ ನೋಡಿದರು. ಹಿಂದೆ ಒಬ್ಬ ಅಜ್ಜ ಶಾಂತವಾಗಿ ಕೈ ಬೀಸಿಕೊಂಡು ಬರುತ್ತಿದ್ದರು, ಅಷ್ಟೇ. ನಿಲ್ಲಿಸುವ ಗುಂಡಿ ಯಾವುದೆಂದು ತಿಳಿಯದೆ ಹಾಗೇ ನಡೆದರು. ಬ್ಯಾಂಜೊ ಎಂಥಾ ಓಟ ಓಡುತ್ತಿತ್ತೆಂದರೆ ಕಾಲು ತಾನಾಗಿಯೇ ಅದರ ಬೆನ್ನು ಹಿಡಿಯಿತು. ಬೆವರಿಳಿಸಿಕೊಂಡು ಮನೆಗೆ ಬಂದವರು, ಮರುದಿನವೂ ಅದನ್ನೇ ಕಿವಿಗೆ ಸಿಕ್ಕಿಸಿಕೊಂಡರು.

ಕೆಲವೇ ದಿನಗಳಲ್ಲಿ ಹಾಡುಗಳೆಲ್ಲ ನೆಂಟರಾದವು. ಒಂದಕ್ಷರ ಅರ್ಥವಾಗದಿದ್ದರೂ ಅವಕ್ಕೆ ಹೆಸರಿಟ್ಟರು: ಒಂದು ತೆಂಗಿನಕಾಯಿ ತುರಿಯುವ ಹಾಡು, ಒಂದು ಲೋಕಲ್ ಟ್ರೈನ್ ತಪ್ಪಿಸಿಕೊಂಡವನ ಹಾಡು, ಒಂದು ಬಿಲ್ಡಿಂಗಿನ ಸೊಸೈಟಿ ಮೀಟಿಂಗಿನ ಜಗಳ. ಐದನೆಯದರಲ್ಲಿ ಹಾಡುಗಾರ ಮೇಲಿನ ಸ್ವರಕ್ಕೆ ಹಾರಿ, ಅದು ಸಿಗದೆ ಬಿದ್ದು, ಕೆಮ್ಮಿ, ನಕ್ಕು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಯಾರೂ ಅದನ್ನು ಕತ್ತರಿಸಿ ತೆಗೆದಿರಲಿಲ್ಲ. ಆ ಜಾಗ ಬಂದಾಗ ರತ್ನಾವತಿಯವರು ಮೈದಾನದ ನಡುವೆ ನಿಂತೇ ಬಿಡುತ್ತಿದ್ದರು. ತನಗಿಂತ ಕೆಟ್ಟದಾಗಿ ಹಾಡುವವನು. ಆದರೂ ಪುಣ್ಯಾತ್ಮನ ಕೈಗೆ ಯಾರೋ ಮೈಕ್ ಕೊಟ್ಟಿದ್ದಾರೆ.

ಅಮ್ಮ ನೀರುದೋಸೆ ಹೊಯ್ಯುತ್ತ ಗುನುಗಿದಾಗಲೇ ಪ್ರಣೀತಾಳಿಗೆ ಸಂಗತಿ ಗೊತ್ತಾದದ್ದು. "ಮಮ್ಮಿ, ಯೇ ತೋ ಮೇರಾ ಬ್ಯಾಂಡ್ ಹೈ," ಎಂದು ಬೆರಗಾದಳು. ಅಳಿಸಿ ದಾಸರ ಪದ ಹಾಕಲೇ ಎಂದು ಕೇಳಿದ್ದಕ್ಕೆ ರತ್ನಾವತಿಯವರು, ಕೆಟಲ್‌ನವರು ಅಲ್ಲೇ ಇರಲಿ, ದಾಸರಿಗೆ ಬೇರೆ ಜಾಗ ಮಾಡು ಎಂದರು.

ಆ ಚಳಿಗಾಲದಲ್ಲಿ ಅವರ ಬಡಾವಣೆಯ ಕನ್ನಡ ಬಳಗ 'ನನ್ನ ಮೆಚ್ಚಿನ ಹಾಡು' ಎಂಬ ಕಾರ್ಯಕ್ರಮ ಇಟ್ಟುಕೊಂಡಿತು. ಒಬ್ಬೊಬ್ಬರು ಒಂದು ಹಾಡು ಕೇಳಿಸಿ ನಾಲ್ಕು ಮಾತಾಡಬೇಕು. ಯಾವುದಾದರೂ ಒಳ್ಳೆಯ ಭಾವಗೀತೆ ಆರಿಸಿಕೋ, ನಮ್ಮ ಗಿರಾಕಿಗಳೂ ಬರುತ್ತಾರೆ ಎಂದು ಮೋಹನದಾಸರು ಬೇಡಿಕೊಂಡರು. ಆಗಲಿ ಎಂದ ರತ್ನಾವತಿಯವರು ಐದನೆಯ ಹಾಡನ್ನೇ ಒಯ್ದರು.

ಭಾವಗೀತೆಯ ಮೇಲೆ ಭಾವಗೀತೆ ಕೇಳಿ ಸಭೆ ತೂಕಡಿಸುತ್ತಿದ್ದಾಗ ಅವರ ಸರದಿ ಬಂತು. ಕೆಟಲ್‌ನವರು ಸ್ಪೀಕರಿನಲ್ಲಿ ಅರಚಿದ ಕೂಡಲೇ ಕಾರ್ಯದರ್ಶಿ ಗುಣಪಾಲರು ವೈರು ಸಡಿಲವಾಯಿತೆಂದು ಓಡಿಬಂದು ಪ್ಲಗ್ಗು ಅಲ್ಲಾಡಿಸಿದರು. ಎಷ್ಟು ಅಲ್ಲಾಡಿಸಿದರೂ ಹಾಡು ಹಾಗೇ ಇತ್ತು. ಮೋಹನದಾಸರು ಫೋನ್ ಬಂದವರಂತೆ ಎದ್ದು ಹೊರಗೆ ಹೋದರು.

ಹಾಡು ಮುಗಿದ ಮೇಲೆ ರತ್ನಾವತಿಯವರು ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತರು.

"ಇವನಿಗೆ ಸ್ವರ ಇಲ್ಲ, ನನಗೂ ಇಲ್ಲ," ಎಂದರು. "ಆದ್ರೆ ಇವ ಹೇಳ್ಲಿಕ್ಕಿದ್ದದ್ದನ್ನು ಪೂರ್ತಿ ಹೇಳ್ತಾನೆ. ನಡುವೆ ಬಿದ್ದ, ಎದ್ದ, ಎಲ್ಲ ನಿಮ್ಮೆದುರಿಗೇ. ಇವ ಕಿರುಚುವಾಗ ನನ್ನ ಗಂಟಲೇ ಬಿಚ್ಚಿದ ಹಾಗೆ ಆಗ್ತದೆ. ಮತ್ತೆ ಶುಗರೂ ಇಳಿದಿದೆ."

ಮುಂದಿನ ಸಾಲಿನಲ್ಲಿದ್ದ ಭೀಮಮ್ಮ, ವಿಜಾಪುರ ಕಡೆಯ ನಿವೃತ್ತ ಟೀಚರು, ಹಾಡಿನ ಅರ್ಥವೇನು ಎಂದು ಕೇಳಿದರು. ರತ್ನಾವತಿಯವರು ಮಗಳ ಮುಖ ನೋಡಿದರು. ಪ್ರಣೀತಾ ಹಿಂದಿಗೆ ಇಂಗ್ಲಿಷು, ಇಂಗ್ಲಿಷಿಗೆ ಕನ್ನಡ ಗಂಟುಹಾಕಿ ಹೇಳಿದಳು: ಬಾಡಿಗೆ ಮನೆ ಸೋರುತ್ತಿದೆ. ಅವನು ಬಕೆಟ್ ಇಟ್ಟ, ತುಂಬಿತು. ಕೆಟಲ್ ಇಟ್ಟ, ಅದಕ್ಕೇ ತೂತು. ಮನೆಮಾಲೀಕ ಮಾತ್ರ, ಮಳೆ ನಿಂತ ಮೇಲೆ ನೋಡೋಣ ಅನ್ನುತ್ತಾನೆ.

"ಇದು ನಮ್ಮ ಬಿಲ್ಡಿಂಗಿನ ಹಾಡೇ ಐತಲ್ರೀ," ಎಂದರು ಭೀಮಮ್ಮ. "ಇನ್ನೊಮ್ಮೆ ಹಚ್ಚ್ರಿ."

ಇನ್ನೊಮ್ಮೆ ಹಚ್ಚಿದರು. ಈ ಸಲ ಯಾರೂ ತೂಕಡಿಸಲಿಲ್ಲ. ಬಕೆಟ್ ತುಂಬುವಲ್ಲಿ ಚಪ್ಪಾಳೆ ಬಿತ್ತು. ಗುಣಪಾಲರು ಭೀಮಮ್ಮನ ಬಿಲ್ಡಿಂಗಿನ ಸೊಸೈಟಿಯ ಚೇರ್ಮನ್ನರೂ ಆಗಿದ್ದರಿಂದ ಪ್ಲಗ್ಗಿನ ಹತ್ತಿರವೇ ತಲೆ ತಗ್ಗಿಸಿ ನಿಂತರು. ಮೈಕ್ ಇನ್ನೂ ಎದುರಿಗೇ ಇತ್ತಾದ್ದರಿಂದ ರತ್ನಾವತಿಯವರು ಜೊತೆಗೆ ಹಾಡಿಯೇ ಬಿಟ್ಟರು. ಹೊರಗೆ ನಿಂತಿದ್ದ ಮೋಹನದಾಸರು ಈಗ ಅರಚುತ್ತಿರುವುದು ಯಾರೆಂದು ಗುರುತು ಹಿಡಿದು, ಒಳಗೆ ಬಂದು ಕೊನೆಯ ಸಾಲಿನಲ್ಲಿ ಕೂತರು. ಚಪ್ಪಾಳೆ ತಟ್ಟಿದವರಲ್ಲಿ ಅವರೂ ಒಬ್ಬರೆಂದು ಪ್ರಣೀತಾ ಈಗಲೂ ಸಾಧಿಸುತ್ತಾಳೆ, ಅವರು ಒಪ್ಪುವುದಿಲ್ಲ.

ಕೆಲವು ವರ್ಷದ ಮೇಲೆ ತಂಡದ ಹೊಸ ಆಲ್ಬಂ ಬಂತು. ಪ್ರಣೀತಾ ಬಹಳ ಆಸೆಯಿಂದ ತಂದು ಕೇಳಿಸಿದಳು. ರತ್ನಾವತಿಯವರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಹಾಡುಗಾರ ಎಲ್ಲೂ ಕೆಮ್ಮಿರಲಿಲ್ಲ, ಒಂದು ಸ್ವರವೂ ಜಾರಿರಲಿಲ್ಲ.

"ಪಾಪ," ಎಂದರು, "ಹಾಡಲಿಕ್ಕೆ ಕಲಿತುಬಿಟ್ಟಿದ್ದಾರೆ."

ಹಾಡಲು ಬಾರದವರು ಬೇರೆ ಯಾರಾದರೂ ಇದ್ದರೆ ಹುಡುಕಿ ಕೊಡು ಎಂದು ಮಗಳಿಗೆ ಹೇಳಿ ದೋಸೆಗೆ ಅಕ್ಕಿ ನೆನೆಹಾಕಲು ಎದ್ದರು.