ತಂಗಿ ಕೊಂಡ ಪರಿಶುದ್ಧ ಎಣ್ಣೆ

ತನ್ನ ಮಗಳ ಮದುವೆ ನಿಶ್ಚಯಕ್ಕೆ ಹದಿನೈದು ದಿನ ಇರುವಾಗ ನನ್ನ ತಂಗಿಗೆ ಇದ್ದಕ್ಕಿದ್ದಂತೆ ತನ್ನ ಮುಖದ ಚಿಂತೆ ಹತ್ತಿಕೊಂಡಿತು. ತಂಗಿಯನ್ನು ಕೊಟ್ಟಿರುವುದು ಆನೈಮಲೈ ಹತ್ತಿರದ ತೆಂಗಿನ ತೋಟದವರ ಮನೆಗೆ. ಹಿತ್ತಲಲ್ಲಿ ಕೊಬ್ಬರಿ ಒಣಗುತ್ತದೆ, ಅಡುಗೆಮನೆಯಲ್ಲಿ ಗಾಣದ ಎಣ್ಣೆ ಡಬ್ಬಗಟ್ಟಲೆ ಇರುತ್ತದೆ, ಕೊಟ್ಟಿಗೆಯಲ್ಲಿ ಮೂರು ಹಸು. ಇಷ್ಟೆಲ್ಲ ಇಟ್ಟುಕೊಂಡವಳು ನನಗೆ ಫೋನ್ ಮಾಡಿದಳು.

“ಅಕ್ಕಾ, ಕೋಯಮತ್ತೂರಲ್ಲಿ ಒಂದು ಅಂಗಡಿ ಐತಂತೆ. ಕೆಮಿಕಲ್ ಇಲ್ಲ, ಎಲ್ಲಾ ವೀಗನ್. ನೀನೂ ಬಾ, ನಂಗೆ ಇಂಗ್ಲೀಷ್ ಓದಕ್ಕೆ ಬರಲ್ಲ.”

“ವೀಗನ್ ಅಂದ್ರೆ ಏನು ಗೊತ್ತಾ?”

“ಹಸೂನ ನೋಯ್ಸಲ್ಲ ಅಂತ.”

“ಇವತ್ತು ಹಾಲು ಕರೆದ್ಯಾ?”

“ಕರೀದೆ ಇರಕ್ಕಾಯ್ತದಾ? ಹಾಲಿನ ವ್ಯಾನ್ ಬಂದು ನಿಂತ್ಕತದಲ್ಲ.”

ನಾನು ಕೆಲಸ ಮಾಡುವುದು ತಿರುಪ್ಪೂರಿನ ಒಂದು ಪ್ರೆಸ್ಸಿನಲ್ಲಿ. ಬನಿಯನ್ ಕಂಪನಿಗಳಿಗೆ ಲೇಬಲ್ಲು, ಟ್ಯಾಗು, ಕೇಳಿದವರಿಗೆ ರಟ್ಟಿನ ಡಬ್ಬಿ ಮಾಡಿಕೊಡುತ್ತೇವೆ. ಅಚ್ಚಾಗಿ ಬಂದದ್ದನ್ನು ನೋಡಿ, ತಪ್ಪಿಲ್ಲ ಎಂದು ಸಹಿ ಹಾಕುವುದು ಇಪ್ಪತ್ತು ವರ್ಷದಿಂದ ನನ್ನ ಕೆಲಸ. ರಜೆ ಹಾಕಿ ಹೋದೆ.

ಅಂಗಡಿಯೊಳಗೆ ಹೆಣ ಇಡುವಷ್ಟು ಏಸಿ. ಪರಿಸರ ಉಳಿಸುವವರು ಬಾಗಿಲನ್ನು ಅರ್ಧ ತೆರೆದೇ ಇಟ್ಟಿದ್ದರು. ಗೋಡೆಗೆ ಗೋಣಿತಾಟು, ಮೂಲೆಯಲ್ಲಿ ಒಣಗಿದ ಹುಲ್ಲಿನ ಗೊಂಚಲು. ಅಂಥ ಹುಲ್ಲನ್ನು ತಂಗಿಯ ಹಸುವಿನ ಮುಂದೆ ಹಾಕಿದರೆ ಅದು ಮೂಸಿಯೂ ನೋಡುವುದಿಲ್ಲ. ಬೂದಿ ಬಣ್ಣದ ಏಪ್ರನ್ ಕಟ್ಟಿಕೊಂಡ ಹುಡುಗಿಯೊಬ್ಬಳು ಬಂದು ತಂಗಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಅರ್ಧ ತಮಿಳು, ಅರ್ಧ ಇಂಗ್ಲೀಷಿನಲ್ಲಿ, “ನಿಮ್ಮ ಸ್ಕಿನ್ ನಮಗೆ ಏನೋ ಹೇಳ್ತಾ ಇದೆ ಮೇಡಂ,” ಅಂದಳು.

“ಹೊರಗೆ ಬಿಸಿಲು ಜಾಸ್ತಿ ಅಂತ ಹೇಳ್ತಾ ಇದೆ,” ಅಂದೆ ನಾನು. ತಂಗಿ ನನ್ನ ತೋಳು ಚಿವುಟಿದಳು.

ಹುಡುಗಿ ಒಂದೊಂದಾಗಿ ತಂದು ಜೋಡಿಸಿದಳು. ಜೇನುಮೇಣ ಹಾಕದ ತುಟಿಮುಲಾಮು, ಹಾಲಿನ ಅಂಶವಿಲ್ಲದ ಸೋಪು, ಬಿದಿರಿನ ಬಾಚಣಿಗೆ, ಕೊನೆಗೆ ಮುಖಕ್ಕೆ ಹಚ್ಚುವ ಒಂದು ಎಣ್ಣೆ. ಅದರ ಡಬ್ಬಿ ಕೈಗೆ ಬಂದ ಕೂಡಲೇ ಮುಚ್ಚಳ ಬಿಚ್ಚಿ ನೋಡಿದೆ. ನಮ್ಮ ಪ್ರೆಸ್ಸಿನದು. ಮುಚ್ಚಳದ ಮಡಿಕೆಯಲ್ಲಿ ನಾವು ಹಾಕುವ ಸಣ್ಣ ಗುರುತು ಇತ್ತು.

ಆ ಡಬ್ಬಿ ಹುಟ್ಟಿದ್ದು ಹೀಗೆ. ಹಳೇ ಕಾಗದ ಅರೆದು ಮಾಡಿದ ನಿಜವಾದ ಕಂದು ರಟ್ಟು ಮಡಿಸಿದ ಕಡೆ ಸೀಳುತ್ತದೆ. ಅದಕ್ಕೆ ಹೊಚ್ಚ ಹೊಸ ಬಿಳಿ ರಟ್ಟು ತಂದು, ಅದರ ಮೇಲೆ ಕಂದು ಶಾಯಿ ಹೊಡೆದು, ಹಳೇ ಕಾಗದದ ನಾರಿನಂತೆ ಕಾಣಲಿ ಎಂದು ಸಣ್ಣ ಸಣ್ಣ ಚುಕ್ಕೆಗಳನ್ನೂ ಕಂಪ್ಯೂಟರಿನಲ್ಲಿ ಬಿಡಿಸಿದ್ದೆವು. ಮೇಲೆ ‘ಪ್ಲಾಸ್ಟಿಕ್ ಬಳಸಿಲ್ಲ’ ಎಂದು ಅಚ್ಚು. ಆ ಅಕ್ಷರ ಅಳಿಸಿಹೋಗದಿರಲಿ ಎಂದು ಅದರ ಮೇಲೊಂದು ಪ್ಲಾಸ್ಟಿಕ್ ಪೊರೆ. ಸಹಿ ನನ್ನದೇ.

ಅದನ್ನೆಲ್ಲ ತಂಗಿಗೆ ಕನ್ನಡದಲ್ಲಿ ಹೇಳಿದೆ. ಅಂಚನ್ನು ಉಗುರಿನಿಂದ ಕೆರೆದು ಒಳಗಿನ ಬಿಳಿಯನ್ನೂ ತೋರಿಸಿದೆ.

“ಡಬ್ಬಿ ಯಾರು ಹಚ್ಕಂತಾರಕ್ಕ? ಒಳಗಿರೋದು ಶುದ್ಧವಾಗಿದ್ರೆ ಸಾಕು. ನಿಂಗೆ ಎಲ್ಲಾದರಲ್ಲೂ ಹುಳುಕೇ ಕಾಣ್ತದೆ,” ಅಂದಳು. ಎಲ್ಲವನ್ನೂ ಕಟ್ಟಿಸಿಕೊಂಡಳು. ಹೊರಗೆ ಬಂದು ಆ ಅಹಿಂಸೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಮಟನ್ ಬಿರಿಯಾನಿ ತಿಂದಳು.

ಐದನೇ ದಿನ ತಂಗಿಯ ಗಂಡ ಫೋನ್ ಮಾಡಿದರು. “ಬಂದು ನೋಡಿ ಅತ್ತಿಗೆ. ನಾ ಹೇಳಿದ್ರೆ ಕೇಳಲ್ಲ.” ಹೋಗಿ ನೋಡಿದರೆ ಎರಡೂ ಕೆನ್ನೆ, ಹಣೆ ಕೆಂಪಾಗಿ ಬಾತು, ಅಲ್ಲಲ್ಲಿ ನೀರ್ಗುಳ್ಳೆ. ಎಣ್ಣೆ ಬಿಟ್ಟಿದ್ದಾಳೆಯೇ? ಇಲ್ಲ. ಅಂಗಡಿಗೆ ಫೋನ್ ಮಾಡಿದಾಗ ಆ ಹುಡುಗಿ, “ಒಳಗಿನ ವಿಷ ಹೊರಗೆ ಬರ್ತಾ ಇದೆ ಮೇಡಂ, ಒಳ್ಳೇ ಲಕ್ಷಣ,” ಅಂದಿದ್ದಳಂತೆ. ಅದನ್ನು ನಂಬಿ ಇವಳು ದಿನಕ್ಕೆ ಎರಡು ಸಲ ಹಚ್ಚುತ್ತಿದ್ದಳು!

ಮಾರನೇ ದಿನ ಅವಳನ್ನು ಎಳೆದುಕೊಂಡು ಆ ಅಂಗಡಿಗೇ ಹೋದೆ. ಈ ಸಲ ಮಾಲೀಕಳೇ ಇದ್ದಳು. ಲಿನನ್ ಸೀರೆ, ಕಣ್ಣಲ್ಲಿ ಕರುಣೆ. ತಂಗಿಯ ಮುಖ ನೋಡಿ ತುಸುವೂ ಗಾಬರಿಯಾಗಲಿಲ್ಲ.

“ಇಷ್ಟು ವರ್ಷ ಏನೇನೋ ಹಚ್ಚಿರ್ತಾರೆ. ಪ್ರಕೃತಿಗೆ ಟೈಮ್ ಕೊಡಬೇಕು.”

“ಇಷ್ಟು ವರ್ಷ ಹಚ್ಚಿದ್ದು ಕೊಬ್ಬರಿ ಎಣ್ಣೆ. ನಿಮ್ಮದು ಹಚ್ಚಿದ್ದು ಐದು ದಿನ,” ಅಂದೆ.

ಅವಳು ನನ್ನ ಕಡೆ ತಿರುಗಲೇ ಇಲ್ಲ. ತಂಗಿಯ ಕೈ ಹಿಡಿದು, ಮುಂದಿನ ಸಲಕ್ಕೆಂದು ಒಂದು ಕೂಪನ್ ಕೊಟ್ಟಳು. ತಂಗಿ ಅದನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ತೆಗೆದುಕೊಂಡು ಪರ್ಸಿನಲ್ಲಿಟ್ಟಳು. ನನಗೆ ಆ ಹೆಂಗಸಿಗಿಂತ ಇವಳ ಮೇಲೆಯೇ ಹೆಚ್ಚು ರೇಗಿತು.

ಅಲ್ಲಿಂದ ನೇರ ಚರ್ಮದ ಡಾಕ್ಟರ ಹತ್ತಿರ. ಅವರು ಸೀಸೆ ಮೂಸಿ, ಚೀಟಿ ಓದಿ, “ನಿಂಬೆಸಿಪ್ಪೆಯ ಎಣ್ಣೆ ಇದೆ, ಬಿಸಿಲು ಬಿದ್ರೆ ಚರ್ಮ ಸುಡುತ್ತೆ. ಇದನ್ನು ಹಚ್ಚಿಕೊಂಡು ಬಿಸಿಲಲ್ಲಿ ತೋಟಕ್ಕೆ ಹೋದ್ರಾ?” ಅಂದರು. ಹೋಗಿದ್ದಳು, ದಿನಾ. ಮುಲಾಮು ಬರೆದುಕೊಟ್ಟರು. ಗುಳ್ಳೆ ಬೇಗ ಆರುತ್ತದೆ, ಕಲೆ ಹೋಗಲು ತಿಂಗಳುಗಳು ಬೇಕು ಅಂದರು.

ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಅವಳು ಅಳಲು ಶುರುಮಾಡಿದಳು. “ಬೀಗರು ಪಟ್ಟಣದೋರು. ಆ ಬೀಗಿತ್ತಿ ನನ್ ಪಕ್ಕ ನಿಂತ್ರೆ ಹಾಲಿನಂಗೆ ಹೊಳೀತಾರೆ. ಎಲ್ಲಿ ಮಗಳ ಮುಂದೆ ನನ್ನ ನೋಡಿ ಮುಖ ತಿರುಗಿಸ್ತಾರೋ ಅಂತ…” ಅಷ್ಟು ಹೊತ್ತು ನಾಲಿಗೆ ತುದಿಯಲ್ಲಿ ಮಸೆದಿಟ್ಟುಕೊಂಡಿದ್ದ ಮಾತನ್ನು ನುಂಗಿಕೊಂಡೆ. ಅವಳ ಕೊಡೆ ಬಿಡಿಸಿ ತಲೆಯ ಮೇಲೆ ಹಿಡಿದೆ.

ಆ ವಾರವೇ ಪ್ರೆಸ್ಸಿಗೆ ಅದೇ ಡಬ್ಬಿಯ ಎರಡನೇ ಆರ್ಡರ್ ಬಂತು. ಅದರ ಮೇಲಿನ ಹಸಿರೆಲೆಯ ಚಿತ್ರ ಇನ್ನೂ ಸ್ವಲ್ಪ ದೊಡ್ಡದಾಗಬೇಕಂತೆ. ಪ್ರೆಸ್ಸಿನ ಮಾಲೀಕರಿಗೆ ತಂಗಿಯ ಕತೆ ಹೇಳಿದೆ. “ಎಣ್ಣೆ ನಾವು ಕಾಯಿಸಲ್ಲವಲ್ಲಮ್ಮ,” ಅಂದರು. ಹೌದು, ಕಾಯಿಸುವುದಿಲ್ಲ. ಕಾಗುಣಿತ ನೋಡಿದೆ, ಎಲೆ ಅಳೆದೆ, ಸಹಿ ಹಾಕಿದೆ. ಬೇರೆಯವರ ಬಗ್ಗೆ ಇಷ್ಟುದ್ದ ಮಾತಾಡುವ ನನ್ನ ಶೌರ್ಯ ಅಷ್ಟೇ.

ನಿಶ್ಚಯದ ದಿನ ತಂಗಿಯ ಕೆನ್ನೆಯಲ್ಲಿ ಊತ ಇಳಿದಿತ್ತು, ಕಂದು ಪಟ್ಟೆಗಳು ಉಳಿದಿದ್ದವು. ಬೀಗಿತ್ತಿ ಮೊದಲು ಕೇಳಿದ್ದೇ ಅದು. “ಮುಖಕ್ಕೆ ಏನಾಯ್ತು?”

“ಅರಿಶಿನ ಒಗ್ಗಲಿಲ್ಲ,” ಅಂದಳು ತಂಗಿ, ಕಣ್ಣು ಮಿಟುಕಿಸದೆ.

ಅವಳನ್ನು ಪಕ್ಕಕ್ಕೆ ಕರೆದು, “ನಾಚಿಕೆ ಇಲ್ವಾ? ಹುಟ್ಟಿದಾಗಿಂದ ಹಚ್ಕಂಡ ಅರಿಶಿನದ ಮೇಲೆ ತಪ್ಪು ಹಾಕ್ತೀಯಲ್ಲ,” ಅಂದೆ.

“ಮತ್ತೇನು ಹೇಳ್ಲಿ? ಬೇಕು ಅಂತ ಹುಡುಕ್ಕೊಂಡೋಗಿ ಸುಟ್ಕಂಡೆ ಅನ್ಲಾ?”

ಬೀಗಿತ್ತಿ ಒಳ್ಳೆಯ ಹೆಂಗಸು. ತಾಂಬೂಲ ಬದಲಾಯಿಸುವ ಹೊತ್ತಿಗೆ ತಾವೇ ಎದ್ದು ಬಂದು, ಅರಿಶಿನದ ಬಟ್ಟಲನ್ನು ನನ್ನ ತಂಗಿಯ ಹತ್ತಿರದಿಂದ ಎತ್ತಿ, ಅವಳಿಗೆ ಸೋಕದಷ್ಟು ದೂರ ಇಟ್ಟರು.