ಮಲ್ಲಪ್ಪನೋ ಮಲ್ಕಪ್ಪನೋ: ಮಸ್ತಾನಬಿ ಮತ್ತೆ ಓದುತ್ತಾರೆ

ಬೆಳಗಿನ ಆರೂಕಾಲು. ಶಹಾಪುರದ ಹಳೆಯ ಓಣಿಯೊಂದರಲ್ಲಿ ಮಸ್ತಾನಬಿ ಮನೆಯ ಕಟ್ಟೆಗೆ ಬಂದು ಪೂರ್ವಕ್ಕೆ ಮುಖ ಮಾಡಿ ಕೂರುತ್ತಾರೆ. ಕೈಯಲ್ಲೊಂದು ಹಳದಿಗಟ್ಟಿದ ಕಾಗದ. ಅದನ್ನು ಎಲ್ಲರಂತೆ ಮುಖದೆದುರು ಹಿಡಿಯುವುದಿಲ್ಲ. ಹಲಗೆ ಸೊಟ್ಟಗಿದೆಯೇ ಎಂದು ಬಡಿಗ ನೋಡುವ ಹಾಗೆ ಕಣ್ಣಿನ ಮಟ್ಟಕ್ಕೆ ಅಡ್ಡಡ್ಡ ಹಿಡಿದು, ಒಂದು ಕಣ್ಣು ಮುಚ್ಚುತ್ತಾರೆ. ಎಳೆಬಿಸಿಲು ಕಾಗದದ ಮೇಲೆ ಓರೆಯಾಗಿ ಹರಿದಾಗ ಮಾಸಿಹೋದ ಅಕ್ಷರಗಳ ಜಾಡು ಎದ್ದು ಕಾಣುತ್ತದೆ.

“ಮಸಿ ಹೋಗತೈತ್ರಿ, ಲೇಖಣಿ ಗೀರು ಹೋಗಂಗಿಲ್ಲ. ಹೊತ್ತೇರಿತಂದ್ರ ಅದೂ ಕಾಣಂಗಿಲ್ಲ” ಎನ್ನುತ್ತಾರೆ. ಐದು ನಿಮಿಷ ಕೂತರೆ ಎದ್ದು ಓಣಿಯ ತುದಿಯವರೆಗೆ ನಡೆದು ಬರುತ್ತಾರೆ. ಮತ್ತೆ ಕೂರುತ್ತಾರೆ.

ಅರವತ್ತೊಂದು ವರ್ಷದ ಮಸ್ತಾನಬಿಯವರ ಹೊಟ್ಟೆಪಾಡು ಬಸ್‌ ನಿಲ್ದಾಣದ ಬಳಿಯ ಬಳೆ ಅಂಗಡಿ. ಆದರೆ ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಜನ ಅವರನ್ನು ಹುಡುಕಿಕೊಂಡು ಬರುವುದು ಬಳೆಗಲ್ಲ, ತಮ್ಮ ಹಿರಿಯರನ್ನು ಹುಡುಕಿಕೊಡಿ ಎಂದು. ನಿಜಾಮರ ಆಳ್ವಿಕೆ ಮುಗಿಯುವವರೆಗೆ ಈ ಸೀಮೆಯ ಹೊಲಮನೆಗಳ ದಾಖಲೆಯೆಲ್ಲ ಬರೆದದ್ದು ಉರ್ದುವಿನಲ್ಲಿ, ಅದೂ ಗುಮಾಸ್ತರ ಅವಸರದ ಕೂಡುಬರಹದಲ್ಲಿ. ಮೊಮ್ಮಕ್ಕಳು ಕಲಿತದ್ದು ಕನ್ನಡ. ಅಜ್ಜನ ಹೆಸರಿರುವ ಕಾಗದ ಟ್ರಂಕಿನಲ್ಲೇ ಇದ್ದರೂ ಓದುವವರಿಲ್ಲ.

ಮಸ್ತಾನಬಿಯವರ ತಂದೆ ಕಚೇರಿಯ ಮುಂದೆ ಅರ್ಜಿ ಬರೆದುಕೊಡುತ್ತಿದ್ದರು. ಅವರ ಕಣ್ಣು ಮಂಜಾದಾಗ ಹನ್ನೆರಡರ ಮಗಳನ್ನು ಶಾಲೆ ಬಿಡಿಸಿ ಪಕ್ಕದಲ್ಲಿ ಕೂರಿಸಿಕೊಂಡರು. ಶಾಲೆ ತಪ್ಪಿದ ಸಿಟ್ಟು ಇವತ್ತಿಗೂ ಇದೆ. ಈ ಕೂಡುಬರಹ ಓದುವ ವಿದ್ಯೆ ಕೈಗೆ ಹತ್ತಿದ್ದೂ ಅಪ್ಪನ ಪಕ್ಕದಲ್ಲೇ.

ಏಳು ವರ್ಷದ ಹಿಂದೆ ಸುರಪುರದ ನಿವೃತ್ತ ಅಂಚೆಯವ ವಿಶ್ವರಾಧ್ಯ ‘ಮೂಲ ಮನಿ’ ಎಂಬ ವಾಟ್ಸಾಪ್‌ ಗುಂಪು ಕಟ್ಟಿ ಇವರನ್ನು ಸೇರಿಸಿದರು. ಈಗ ಮುನ್ನೂರ ನಲವತ್ತು ಜನ. ಒಬ್ಬರು ಗೋರಿಕಲ್ಲಿನ ಫೋಟೊ ಹಾಕುತ್ತಾರೆ, ಇನ್ನೊಬ್ಬರು ಅಂತರ್ಜಾಲದಲ್ಲಿ ಸಿಕ್ಕ ಹಳೆಯ ಪಹಣಿಯ ಪುಟ ಕಳಿಸುತ್ತಾರೆ. ಮಸ್ತಾನಬಿ ಓದಿ, ಧ್ವನಿಮುದ್ರಿಸಿ ಹೇಳುತ್ತಾರೆ. ಗುಂಪಿನವರಿಗೆ ಅವರು ಆಪಾ, ಅಂದರೆ ಅಕ್ಕ. ವಾರಕ್ಕೆ ಐದಾರು ಕಾಗದ. ಇಲ್ಲಿಯವರೆಗೆ ಇನ್ನೂರ ಹನ್ನೆರಡು ಮನೆತನ.

ಆ ಇನ್ನೂರ ಹನ್ನೆರಡರಲ್ಲಿ ಒಂದನ್ನು ಅವರು ತಪ್ಪು ಓದಿದರು.

ದೇವಾಪುರದ ಲಾಲಮ್ಮನಿಗೆ ಎಪ್ಪತ್ತೆರಡು ವರ್ಷ, ಕೂಲಿ ಮಾಡಿ ಬದುಕಿದವರು. ಅವರ ತಾಯಿ ನೀಲವ್ವ ಆರು ವರ್ಷದವಳಿದ್ದಾಗ, ಕಾಲರಾ ಬಂದ ವರ್ಷ, ಯಾರೋ ದೇವಾಪುರಕ್ಕೆ ತಂದುಬಿಟ್ಟ ಮಗು. ತವರು ಯಾವುದೆಂದು ತಿಳಿಯದೆಯೇ ನೀಲವ್ವ ತೀರಿಕೊಂಡರು. ಅವರಿಗೆ ನೆನಪಿದ್ದದ್ದು ಎರಡೇ: ಅಪ್ಪ ಕಂಬಳಿ ನೇಯುತ್ತಿದ್ದ, ಬಾಗಿಲಲ್ಲಿ ನಿಂತರೆ ಕೋಟೆ ಕಾಣುತ್ತಿತ್ತು. ಎರಡು ವರ್ಷದ ಹಿಂದೆ ಗುಂಪಿನಲ್ಲೊಬ್ಬರು, ಯಾರೋ ಅಂತರ್ಜಾಲಕ್ಕೆ ಹಾಕಿದ್ದ ಹಳೆಯ ಕಾಗದವೊಂದರ ಫೋಟೊ ಹೆಕ್ಕಿ ಕಳಿಸಿದರು. ಆ ಮಗುವಿನ ಬಗ್ಗೆ ದೇವಾಪುರದ ಗೌಡ ಬರೆಸಿದ ವರದಿ. ಅಂಚು ಮಡಚಿ ಮಗುವಿನ ಊರಿನ ಹೆಸರು ಮುಚ್ಚಿತ್ತು. ‘ನೀಲವ್ವ, ತಂದೆ ಮಲ್ಲಪ್ಪ’ ಎಂದು ಮಸ್ತಾನಬಿ ಓದಿದರು. ಕೋಟೆ ಎಂದರೆ ವನದುರ್ಗ ಇರಬೇಕೆಂದು ಹುಡುಕಿದರೆ, ಅಲ್ಲಿಯ ಹಳೆಯ ಪಹಣಿಯಲ್ಲಿ ಕಂಬಳಿ ನೇಯುವ ಮಲ್ಲಪ್ಪನೊಬ್ಬ ಸಿಕ್ಕೇಬಿಟ್ಟ.

ಲಾಲಮ್ಮ ವನದುರ್ಗಕ್ಕೆ ಹೋದರು, ಜೊತೆಗೆ ಮಸ್ತಾನಬಿಯೂ. ಮಲ್ಲಪ್ಪನ ಮೊಮ್ಮಗ ಸಂಜೀವಕುಮಾರನಿಗೆ ನೀಲವ್ವನ ಹೆಸರು ಕೇಳಿದ ನೆನಪಿರಲಿಲ್ಲ. ಆದರೂ ಇದ್ದಿರಬಹುದು ಎಂದ, ಲಾಲಮ್ಮನನ್ನು ಅಕ್ಕ ಎಂದು ಕರೆದ. ಅವನ ಹೆಂಡತಿ ಉಡಿ ತುಂಬಿದಳು. ಲಾಲಮ್ಮ ಆ ಮನೆಯ ಕಂಬ ಹಿಡಿದು ಅತ್ತದ್ದನ್ನು ಕಂಡು ಮಸ್ತಾನಬಿಯೂ ಅತ್ತಿದ್ದರು.

ಕಳೆದ ಚಳಿಗಾಲದಲ್ಲಿ ವಿಶ್ವರಾಧ್ಯರಿಗೆ ದೇವಾಪುರದ ಗೌಡರ ಮನೆಯ ಟ್ರಂಕಿನಲ್ಲಿ ಆ ವರದಿಯ ಮೂಲ ಕಾಗದವೇ ದೊರೆಯಿತು. ನೆನಪಿಗಿರಲೆಂದು ತಂದುಕೊಟ್ಟರು. ಮಸ್ತಾನಬಿ ಮರುದಿನ ಕಟ್ಟೆಯ ಮೇಲೆ ಕೂತು ಕಾಗದವನ್ನು ಬೆಳಕಿಗೆ ಅಡ್ಡ ಹಿಡಿದರು. ತಂದೆಯ ಹೆಸರಿನ ನಡುವಿನ ಅಕ್ಷರದ ನೆತ್ತಿಯ ಮೇಲೆ, ಫೋನಿನಲ್ಲಿ ಕಾಣದಿದ್ದ ಒಂದು ಗೀರು ಕಂಡಿತು. ಉರ್ದುವಿನಲ್ಲಿ ಆ ಗೀರು ಇದ್ದರೆ ಅದು ಲಕಾರವಲ್ಲ, ಕಕಾರ. ಮಲ್ಲಪ್ಪ ಅಲ್ಲ, ಮಲ್ಕಪ್ಪ. ಅಂಚಿನ ಮಡಿಕೆ ಬಿಡಿಸಿದರು. ಭೀಮಾ ದಂಡೆಯ, ವಡಗೇರಾ ಕಡೆಯ ಹಳ್ಳಿಯೊಂದರ ಹೆಸರಿತ್ತು. ಅಲ್ಲಿಂದ ಯಾದಗಿರಿಯ ಕೋಟೆಗುಡ್ಡ ಕಾಣುತ್ತದೆ.

ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಅಂಗಡಿಯಲ್ಲಿ ಒಬ್ಬರ ಅಳತೆಯ ಬಳೆ ಇನ್ನೊಬ್ಬರ ಕೈಗೆ ತೊಡಿಸಲು ಹೋದರು. ಕಾಗದ ಸುಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ಒಲೆಯ ಮುಂದೆ ಕೂತದ್ದೂ ಉಂಟು. ಅದನ್ನು ಅವರೇ ಹೇಳುತ್ತಾರೆ, ತಲೆ ತಗ್ಗಿಸದೆ. ಐದನೆಯ ದಿನ ಅಂಗಡಿ ಮುಚ್ಚಿ, ಸುರಪುರದ ಬಸ್ಸು ಹತ್ತಿ, ದೇವಾಪುರಕ್ಕೆ ಹೋದರು.

ಲಾಲಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು: “ಹಂಗಾದ್ರ ನಾ ಅತ್ತಿದ್ದು ಯಾರ ಮನ್ಯಾಗ?”

ಲಾಲಮ್ಮ ಎದ್ದು ಒಳಗೆ ಹೋದರು, ಹೊರಗೆ ಬರಲಿಲ್ಲ. ವನದುರ್ಗದ ಸಂಜೀವಕುಮಾರ ಫೋನಿನಲ್ಲೇ ಖಡಕ್ಕಾಗಿ, ಇನ್ನು ಮೇಲೆ ತಮ್ಮ ಮನೆಗೆ ಯಾರನ್ನೂ ಕಳಿಸಬೇಡಿ ಎಂದ. ಗುಂಪಿನಲ್ಲಿ ಮಸ್ತಾನಬಿ ತಮ್ಮ ತಪ್ಪನ್ನು ತಾವೇ ಹೇಳಿಕೊಂಡಾಗ ಒಂಬತ್ತು ಜನ ಗುಂಪು ಬಿಟ್ಟರು.

ಅವರು ಹುಡುಕುವುದನ್ನು ಬಿಡಲಿಲ್ಲ. ಮತದಾರರ ಪಟ್ಟಿ ತೆಗೆದು, ವಡಗೇರಾದ ಪರಿಚಯದವರನ್ನು ವಿಚಾರಿಸಿ, ಮಲ್ಕಪ್ಪನ ಮರಿಮೊಮ್ಮಗಳನ್ನು ಪತ್ತೆ ಮಾಡಿದರು. ಹೆಸರು ಕವಿತಾ, ಅಂಗನವಾಡಿ ಸಹಾಯಕಿ. ಈ ಸಲ ಮಸ್ತಾನಬಿ ತಾವಾಗಿ ಏನೂ ಹೇಳಿಕೊಡಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಕಳೆದುಹೋಗಿದ್ದರೇ ಎಂದಷ್ಟೇ ಕೇಳಿದರು. ಕವಿತಾ, “ಎಳ್ಳಮವಾಸಿಗಿ ನಮ್ಮ ಮನ್ಯಾಗ ಒಂದು ಎಡಿ ಬ್ಯಾರೆ ತೆಗದಿಡ್ತಾರ್ರಿ. ನೀಲವ್ವನ ಎಡಿ ಅಂತಾರ. ಆಕಿ ಯಾರಂತ ನಮಗ ಗೊತ್ತಿಲ್ಲ” ಎಂದಳು.

ಮಸ್ತಾನಬಿ ಆ ಮಾತನ್ನು ಲಾಲಮ್ಮನಿಗೆ ಹೇಳಿ ಕಳಿಸಿದರು. ಹನ್ನೊಂದು ದಿನ ಸುದ್ದಿಯಿಲ್ಲ. ಹನ್ನೆರಡನೆಯ ದಿನ ಲಾಲಮ್ಮ ತಾವೇ ಶಹಾಪುರದ ಬಳೆ ಅಂಗಡಿಯ ಮುಂದೆ ಬಂದು ನಿಂತರು, ಕೈಯಲ್ಲೊಂದು ಚೀಲ. ಇಬ್ಬರೂ ಕೂಡಿ ಭೀಮಾ ದಂಡೆಗೆ ಹೋದರು. ಅಲ್ಲಿ ಲಾಲಮ್ಮ ಅಳಲಿಲ್ಲ. ಬಾಗಿಲಲ್ಲಿ ನಿಂತು ಗುಡ್ಡದ ಕಡೆಗೇ ನೋಡಿದರು. ಈಗಲೂ ಅವರು ವನದುರ್ಗಕ್ಕೆ ಆಗಾಗ ಫೋನು ಮಾಡುತ್ತಾರೆ. ಸಂಜೀವಕುಮಾರ ಒಮ್ಮೊಮ್ಮೆ ಎತ್ತುತ್ತಾನೆ.

ಮಸ್ತಾನಬಿಗೆ ನೆಮ್ಮದಿಯಿಲ್ಲ. ಇನ್ನೂರ ಹನ್ನೆರಡು ಓದುಗಳನ್ನೂ ಮೊದಲಿನಿಂದ ಮತ್ತೆ ತೆಗೆದಿದ್ದಾರೆ. ಅರವತ್ತನಾಲ್ಕು ಮುಗಿದಿವೆ. ಇನ್ನೆರಡು ಹೆಸರಿನ ಮೇಲೆ ಅನುಮಾನ ಬಂದು, ಆ ಮನೆಯವರಿಗೂ ತಿಳಿಸಿದ್ದಾರೆ. ಈ ಕೂಡುಬರಹ ಓದಬಲ್ಲವರು ಅವರಿಗೆ ಗೊತ್ತಿರುವಂತೆ ಈ ಸುತ್ತಿನಲ್ಲಿ ಇನ್ನೊಬ್ಬರೇ: ಯಾದಗಿರಿಯ ಎಂಬತ್ತನಾಲ್ಕರ ಲಾಡ್ಲೇಸಾಬ. ಅವರ ಕಣ್ಣಿಗೆ ಪೊರೆ ಬಂದಿದೆ.

ನಿಮ್ಮ ನಂತರ ಇದನ್ನು ಓದುವವರು ಯಾರು ಎಂದು ಕೇಳಿದರೆ ಮಸ್ತಾನಬಿ ತಲೆಯಾಡಿಸುತ್ತಾರೆ. ಅವರ ಚಿಂತೆ ಅದಲ್ಲ.

“ನಾ ಹೋದ ಮ್ಯಾಲಿನ ಮಾತು ಬಿಡ್ರಿ. ನಾ ಇದ್ದಾಗನ ಒಬ್ರು ಬೇಕು. ಬಾಜೂ ಕುಂತು, ‘ಆಪಾ, ಇದು ತಪ್ಪ ಓದೀರಿ’ ಅನ್ನೋರು.”