ಒಂದೇ ಕೈಗೆ ಇಳಿಯುವ ಕಂಬಿ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆ ವಾರ್ಡಿನಲ್ಲಿ ರಾತ್ರಿ ಪಾಳಿಯ ನರ್ಸ್ ಒಂದು ಕೈಯಲ್ಲಿ ಅಜ್ಜನೊಬ್ಬನ ಬೆನ್ನು ಹಿಡಿದು, ಇನ್ನೊಂದು ಕೈಯಲ್ಲಿ ಮಂಚದ ಪಕ್ಕದ ಕಂಬಿ ಇಳಿಸಲು ಒದ್ದಾಡುತ್ತಿದ್ದಾಳೆ. ಗೋಡೆಗೊರಗಿ ನಿಂತ ಹೆಂಗಸೊಬ್ಬರು ನೋಡುತ್ತಿದ್ದಾರೆಯೇ ಹೊರತು ಕೈ ಜೋಡಿಸುವುದಿಲ್ಲ. ಕಲ್ಲು ಮನಸ್ಸು ಅಂದುಕೊಳ್ಳಬೇಡಿ. ಅಜ್ಜ ಜಾರಿದರೆ ಎಲ್ಲರಿಗಿಂತ ಮೊದಲು ಓಡುವವರು ಅವರೇ. ಅಲ್ಲಿಯವರೆಗೆ ನೋಡುವುದೇ ಅವರ ಕೆಲಸ.

ಆಸ್ಪತ್ರೆ ಮಂಚ ತಯಾರಿಸುವ ಕಾರ್ಖಾನೆಯಲ್ಲಿ, ಹೊಸ ವಿನ್ಯಾಸ ಬಳಸುವವರ ಕೈಗೆ ಒಗ್ಗುತ್ತದೋ ಇಲ್ಲವೋ ಎಂದು ಪರೀಕ್ಷಿಸುವವರು ಇವರು. ಎಲ್ಲದಕ್ಕೂ 'ತಡೀರಿ' ಅನ್ನುವುದರಿಂದ ಕಾರ್ಖಾನೆಯವರಿಗೆಲ್ಲ ಇವರು ತಡೀರಿ ಅಕ್ಕ. ಹೇಗಿದೆ ಎಂದು ಇವರು ಯಾರನ್ನೂ ಕೇಳುವುದಿಲ್ಲ. "ಕೇಳಿದ್ರೆ ಎಲ್ರೂ ಚೆನ್ನಾಗಿದೆ ಅಂತಾರೆ. ಬಾಯಿಗೆ ದಾಕ್ಷಿಣ್ಯ ಜಾಸ್ತಿ, ಕೈಗೆ ಇರಲ್ಲ ನೋಡಿ" ಎನ್ನುತ್ತಾರೆ.

ಹಳೆಯ ಕಂಬಿಯ ಚಿಲಕ ಬೆರಳು ಕಚ್ಚುತ್ತಿತ್ತು. ಹೊಸದೊಂದು ತಯಾರಾಯಿತು. ಕಾರ್ಖಾನೆಗೆ ಕರೆಸಿದವರೆಲ್ಲ ಅದನ್ನು ನೀರು ಕುಡಿದಷ್ಟು ಸಲೀಸಾಗಿ ತೆಗೆದರು. ಅಕ್ಕನೂ ಹೂಂ ಅಂದರು. ಆದರೆ ವಾರ್ಡಿಗೆ ತಂದರೆ ಕಂಬಿ ಜಪ್ಪಯ್ಯ ಅಂದರೂ ಇಳಿಯಲಿಲ್ಲ. "ನಾನು ಎರಡೂ ಕೈ ಖಾಲಿ ಇರೋರನ್ನ ಕೂರಿಸಿ ನೋಡಿದ್ದೆ. ವಾರ್ಡಲ್ಲಿ ಅಂಥೋರು ಯಾರಿದಾರೆ? ತಪ್ಪು ನಂದೇ."

ಚಿಲಕ ಮತ್ತೆ ತಿದ್ದಲಾಯಿತು. ಈ ಸಲ ಪರೀಕ್ಷೆ ವಾರ್ಡಿನಲ್ಲೇ, ಎಲ್ಲರೂ ಸುಸ್ತಾಗಿರುವ ಹೊತ್ತಿನಲ್ಲೇ ಎಂದು ಅಕ್ಕ ಪಟ್ಟು ಹಿಡಿದರು. "ಅಂಗೈ ಹುಣ್ಣಿಗೆ ಕನ್ನಡಿ ಯಾಕಮ್ಮ?" ಎಂದು ಮಾಲೀಕರು ಗೊಣಗಿದರು. ಅದನ್ನು ಸಹಿಸಬಹುದಿತ್ತು. ಆದರೆ ಹಿರಿಯ ನರ್ಸ್ ಪಟ್ಟಿ ಸುತ್ತಿದ ಬೆರಳು ಎತ್ತಿ ತೋರಿಸಿ, "ನೀವು ಮೀನಮೇಷ ಎಣಿಸ್ತಾ ಇರಿ, ಇಲ್ಲಿ ನಮ್ಮ ಬೆರಳು ಜಜ್ಜಿಹೋಗ್ಲಿ" ಅಂದಾಗ ಅಕ್ಕನಿಗೆ ಅನ್ನ ಸೇರಲಿಲ್ಲ. ಅಂದೇ ಹಳೆಯ ಚಿಲಕಗಳಿಗೆಲ್ಲ ರಬ್ಬರ್ ಹೊದಿಸಿದರು. "ಅದಕ್ಕೆಂಥ ಪರೀಕ್ಷೆ? ಮೊದ್ಲು ಕಚ್ಚೋದು ನಿಲ್ಲಬೇಕು." ಹೊಸದರ ವಿಷಯದಲ್ಲಿ ಮಾತ್ರ ಒಂದಿಂಚೂ ಜಗ್ಗಲಿಲ್ಲ; ವಾರ್ಡಿನ ಎರಡು-ಮೂರು ಮಂಚಗಳಿಗಷ್ಟೇ ಅದನ್ನು ಹಾಕಿಸಿ ನೋಡುತ್ತಿದ್ದಾರೆ. ಈಗ ಅಜ್ಜನ ಮಂಚದ ಮುಂದೆ ನಿಂತಂತೆ, ಹಳೆಯ ಚಿಲಕದ ಮಂಚಗಳ ಮುಂದೆಯೂ ಅಷ್ಟೇ ಹೊತ್ತು ನಿಲ್ಲುತ್ತಾರೆ. ಹಳೆಯದನ್ನು ನೋಡದೆ ಹೊಸದು ವಾಸಿ ಅನ್ನುವುದು ಹೇಗೆ ಎಂಬುದು ಅವರ ವಾದ.

ಮನೆಯಲ್ಲೂ ಇದೇ ಶಿಸ್ತು. ಹಜಾರದ ಮಂಚಕ್ಕೆ ಕಟ್ಟಿದ ಮಾದರಿ ಚಿಲಕವನ್ನು ಅತ್ತೆ ದಿನವಿಡೀ ತೆಗೆದು ಹಾಕಿ ಪಳಗಿಬಿಟ್ಟರು. ಪಳಗಿದ ಕೈ ಪರೀಕ್ಷೆಗೆ ಬರುವುದಿಲ್ಲ ಎಂದು ಸೊಸೆ ಅಂದದ್ದೇ ತಡ, ಅತ್ತೆಯ ಮುಖ ಊದಿಕೊಂಡಿತು. "ಈ ಮನೇಲಿ ನನ್ನ ಮಾತು ಲೆಕ್ಕಕ್ಕಿರ್ಲಿಲ್ಲ, ಈಗ ಕೈಯೂ ಲೆಕ್ಕಕ್ಕಿಲ್ಲ."

ವಾರ್ಡಿನಲ್ಲಿ ಗೋಡೆಗೊರಗಿ ನಿಂತಿರುವಾಗಲೇ ಅಕ್ಕನಿಗೆ ಮಾಲೀಕರ ಫೋನ್ ಬರುತ್ತದೆ. ಇವತ್ತು ಉತ್ತರ ಬೇಕೇ ಬೇಕು.

"ಈ ವಾರ್ಡಿಗೆಲ್ಲ ಹಾಕ್ಸಿ ಸಾರ್. ಮಕ್ಕಳ ವಾರ್ಡಿಗೆ ಬೇಡ, ಅಲ್ಲಿ ನಾನಿನ್ನೂ ನೋಡಿಲ್ಲ."

"ಅರ್ಧ ಹೂಂ, ಅರ್ಧ ಉಹೂಂ. ಏನಮ್ಮ ಇದು?"

"ಗೊತ್ತಿರೋದಕ್ಕೆ ಮಾತ್ರ ಹೂಂ, ಸಾರ್."

ಅಷ್ಟರಲ್ಲಿ ರಜೆ ಮುಗಿಸಿ ಬಂದ ನರ್ಸ್ ಒಬ್ಬಳು ಕಂಕುಳಲ್ಲಿ ಮಾಸಿದ ಹೊದಿಕೆಗಳ ರಾಶಿ ಅವುಚಿಕೊಂಡು, ರೋಗಿಯ ಮಗಳೊಡನೆ ಮಾತಾಡುತ್ತಲೇ ಹೊಸ ಚಿಲಕದ ಮಂಚವೊಂದರ ಕಂಬಿಯನ್ನು ಒಂದೇ ಕೈಯಲ್ಲಿ ಇಳಿಸುತ್ತಾಳೆ. ಚಿಲಕದ ಕಡೆ ಕಣ್ಣೂ ಹಾಯಿಸುವುದಿಲ್ಲ. ಆಮೇಲೆ ಗೋಡೆ ಕಡೆ ತಿರುಗಿ ಕೇಳುತ್ತಾಳೆ: "ಅಕ್ಕಾ, ಆ ಹೊಸ ಚಿಲಕ ಯಾವಾಗ ಹಾಕಿಸ್ತೀರಾ?"

ಅಕ್ಕನ ಮುಖ ಅರಳುತ್ತದೆ. "ಈಗ ತಾನೇ ತೆಗೆದ್ಯಲ್ಲೇ, ತಾಯಿ."